ಗೆದ್ದ ಭಾಷಣದ ಗುಣದೋಷಗಳು: ಡೆಮಾಸ್ತನೀಸನ ಕಿರೀಟಭಾಷಣ

ವಾಕ್‌ಸ್ಪರ್ಧೆಯಲ್ಲಿ ಬಹುಮಾನವನ್ನು ಪಡೆದ ಭಾಷಣವೆಲ್ಲವೂ ಒಳ್ಳೆಯ ಭಾಷಣವೆಂದು ಹೇಳಲಾಗದು. ಒಳ್ಳೆಯ ಭಾಷಣವೆಲ್ಲವೂ ಬಹುಮಾನವನ್ನು ಪಡೆಯುವುದೆಂಬ ನಿಯಮವೂ ಇಲ್ಲ. ಶಾಲೆ ಕಾಲೇಜುಗಳ ಚರ್ಚಾಕೂಟಗಳಲ್ಲಿ ಪಕ್ಷ ಪ್ರತಿಪಕ್ಷಗಳನ್ನು ಚೀಟಿಯೆತ್ತಿ ಗೊತ್ತುಮಾಡುವುದುಂಟು. ಬೆಳಗ್ಗೆ ಯಾವ ಪಕ್ಷವನ್ನು ಖಂಡಿಸಲು ವಿದ್ಯಾರ್ಥಿಯು ಸಿದ್ಧನಾಗಿದ್ದನೋ ಮಧ್ಯಾಹ್ನ ಅದನ್ನೇ ಮಂಡಿಸಲು ಎದ್ದು ನಿಲ್ಲುವನು. ಹಿರಿಯರು ಬರೆದುಕೊಟ್ಟ ನಾಲ್ಕು ಪುಟಗಳನ್ನು ಕಂಠಪಾಠಮಾಡಿ, ನಡುನಡುವೆ ಒಂದೆರಡು ಸುಭಾಷಿತಗಳನ್ನು ಹೊಂದಿಸಿ, ಗಂಟೆ ಬಾರಿಸುವುದರೊಳಗೆ ಮುಗಿಸಿದರೆ ಸಿದ್ಧತೆಯು ಪೂರ್ಣವಾಯಿತೆಂಬ ಭಾವನೆಯು ಬಲವಾಗಿ ಬೇರೂರಿದೆ. ಚಪ್ಪಾಳೆಯು ಈ ಭಾವನೆಯನ್ನು ಮತ್ತಷ್ಟು ಬಲಪಡಿಸುತ್ತದೆ.

ನ್ಯಾಯಸೂತ್ರಕಾರನಾದ ಗೌತಮನು ಮಾತಿನ ಕಾಳಗವನ್ನು ವಾದ, ಜಲ್ಪ, ವಿತಂಡೆಯೆಂದು ಮೂರು ಬಗೆಯಾಗಿ ವಿಂಗಡಿಸಿರುವನು. ತತ್ತ್ವವನ್ನು ನಿರ್ಣಯಿಸುವುದಕ್ಕಾಗಿ ನಡೆಯುವುದು ವಾದ. ಜಯವನ್ನೇ ಕೋರಿ, ಛಲಾದಿಗಳನ್ನೂ ಬಳಸಿ ನಡೆಯುವುದು ಜಲ್ಪ. ತನ್ನದೊಂದು ಪಕ್ಷವನ್ನೇ ಸ್ಥಾಪಿಸದೆ ಪರರ ಪಕ್ಷವನ್ನು ಕೆಡಹುವುದಷ್ಟೇ ವಿತಂಡೆ. ಈ ಲಕ್ಷಣವನ್ನು ಒಪ್ಪಿದರೆ ಸ್ಪರ್ಧೆಯ ಭಾಷಣವು ಹುಟ್ಟಿನಿಂದಲೇ ಜಲ್ಪವೆಂದಾಗುವುದು. ಆದರೂ ಅದೇ ಸೂತ್ರಕಾರನು ಜಲ್ಪವನ್ನು ಸರ್ವಥಾ ತ್ಯಾಜ್ಯವೆನ್ನಲಿಲ್ಲ. ಬೀಜದಿಂದ ಆಗತಾನೇ ಒಡೆದ ಮೊಳಕೆಯನ್ನು ಮುಳ್ಳಿನ ಕೊಂಬೆಗಳು ಕಾಯುವಂತೆ, ಜಲ್ಪ ವಿತಂಡೆಗಳು ತತ್ತ್ವನಿಶ್ಚಯವನ್ನು ಕಾಯುತ್ತವೆಂದು ಆತನ ಅಭಿಪ್ರಾಯ. ಹಾಗಿದ್ದರೆ ಗೆದ್ದ ಭಾಷಣವೊಂದನ್ನು ವಿಮರ್ಶಿಸುವವನು ಕೇಳಬೇಕಾದ ಪ್ರಶ್ನೆಯು ಇಷ್ಟೆ: ಇದರಲ್ಲಿ ಮೊಳಕೆ ಎಷ್ಟು, ಮುಳ್ಳು ಎಷ್ಟು? ಗೆಲುವನ್ನು ತಂದುದು ಯಾವುದು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಎರಡು ಪಕ್ಷದ ಮಾತುಗಳೂ ಉಳಿದಿರುವ ಸ್ಪರ್ಧೆಯೊಂದು ಬೇಕು. ಲೋಕದಲ್ಲಿ ಗೆದ್ದವನ ಮಾತು ಉಳಿದು ಸೋತವನ ಮಾತು ಅಳಿಯುವುದೇ ವಾಡಿಕೆ. ಕ್ರಿ. ಪೂ. 330ರಲ್ಲಿ ಗ್ರೀಸ್ ದೇಶದ ಆಥೆನ್ಸ್ ನಗರದಲ್ಲಿ ನಡೆದ ವ್ಯಾಜ್ಯವೊಂದು ಈ ವಾಡಿಕೆಗೆ ಹೊರತಾದುದು. ಅದರಲ್ಲಿ ಈಸ್ಕಿನೀಸನು ಆಡಿದ ಆರೋಪಭಾಷಣವೂ ಡೆಮಾಸ್ತನೀಸನು ಆಡಿದ ಉತ್ತರವೂ ಇಂದಿಗೂ ದೊರೆಯುತ್ತವೆ. ಎರಡನೆಯದಕ್ಕೆ ಕಿರೀಟಭಾಷಣವೆಂದು ಹೆಸರು. ರೋಮಿನ ವಾಗ್ಮಿಯಾದ ಸಿಸೆರೊ ಎರಡನ್ನೂ ಲ್ಯಾಟಿನ್ ಭಾಷೆಗೆ ತಿರುಗಿಸಿದನು. ಆ ಭಾಷಾಂತರಗಳು ನಷ್ಟವಾಗಿ ಅವುಗಳ ಪೀಠಿಕೆ ಮಾತ್ರ ಉಳಿದಿದೆ.

ವ್ಯಾಜ್ಯದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ಮ್ಯಾಸಿಡೋನಿಯದ ಅರಸನಾದ ಫಿಲಿಪನು ಗ್ರೀಕ್ ನಗರಗಳನ್ನು ಒಂದೊಂದಾಗಿ ತನ್ನ ಹಿಡಿತಕ್ಕೆ ತಂದುಕೊಳ್ಳುತ್ತಿದ್ದಾಗ ಅವನನ್ನು ಎದುರಿಸಬೇಕೆಂದು ಡೆಮಾಸ್ತನೀಸನು ಆಥೆನ್ಸಿನ ಜನರನ್ನು ವರ್ಷಗಟ್ಟಲೆ ಎಚ್ಚರಿಸಿದನು. ಕೊನೆಗೆ ಥೀಬ್ಸ್ ನಗರದೊಡನೆ ಮೈತ್ರಿಯಾಗಿ ಕ್ರಿ. ಪೂ. 338ರಲ್ಲಿ ಕೈರೋನಿಯದ ಬಯಲಿನಲ್ಲಿ ಯುದ್ಧವಾಯಿತು. ಮಿತ್ರರು ಸೋತರು, ಆಥೆನ್ಸಿನವರೇ ಸಾವಿರಕ್ಕೆ ಮೇಲ್ಪಟ್ಟು ಮಡಿದರು. ಡೆಮಾಸ್ತನೀಸನು ಆ ಬಳಿಕ ನಗರದ ಕೋಟೆಯನ್ನು ದುರಸ್ತಿಮಾಡಿಸುವ ಅಧಿಕಾರದಲ್ಲಿದ್ದು, ಸ್ವಂತ ಹಣವನ್ನೂ ಆ ಕೆಲಸಕ್ಕೆ ಕೊಟ್ಟನು. ಕ್ರಿ. ಪೂ. 336ರಲ್ಲಿ ಟೆಸಿಫಾನನೆಂಬವನು ಆತನಿಗೆ ಸುವರ್ಣಕಿರೀಟವನ್ನು ಕೊಡಬೇಕೆಂದು ಸೂಚಿಸಿದನು. ಈಸ್ಕಿನೀಸನು ಈ ಸೂಚನೆಯೇ ಶಾಸನವಿರುದ್ಧವೆಂದು ದಾವೆ ಹೂಡಿದನು. ವಿಚಾರಣೆಯು ಆರು ವರ್ಷ ತಡೆದು 330ರಲ್ಲಿ ನಡೆಯಿತು. ಹೆಸರಿಗೆ ಟೆಸಿಫಾನನು ಪ್ರತಿವಾದಿ. ನಿಜವಾಗಿ ಕಟಕಟೆಯಲ್ಲಿ ನಿಂತಿದ್ದುದು ಡೆಮಾಸ್ತನೀಸನ ಸಮಸ್ತ ಜೀವಿತ. ಇಂತಹ ವ್ಯಾಜ್ಯಗಳಲ್ಲಿ ತೀರ್ಪು ಕೊಡುವ ಸಭಾಸದರ ಸಂಖ್ಯೆಯು ಸಾಮಾನ್ಯವಾಗಿ 500ಕ್ಕೆ ಕಡಮೆಯಿರುತ್ತಿರಲಿಲ್ಲ. ಅವರು ವೃತ್ತಿಯ ನ್ಯಾಯಾಧಿಪತಿಗಳಲ್ಲ, ಚೀಟಿಯಿಂದ ಆರಿಸಲ್ಪಟ್ಟ ಪೌರರು. ಮಾತಿನ ಕಾಲವನ್ನು ನೀರು ಸೋರುವ ಗಡಿಗೆಯಿಂದ ಅಳೆಯುತ್ತಿದ್ದರು. ಇಂದಿನ ಸ್ಪರ್ಧೆಯ ಗಂಟೆಗೆ ಆ ಗಡಿಗೆಯೇ ಪೂರ್ವಜ.

ಡೆಮಾಸ್ತನೀಸನ ಸಿದ್ಧತೆಯ ವಿಷಯವಾಗಿ ಪ್ಲೂಟಾರ್ಕನು ಹೇಳುವ ಕಥೆಗಳು ಪಾಠಪುಸ್ತಕಗಳ ಮೂಲಕ ಎಲ್ಲ ಮಕ್ಕಳಿಗೂ ಪರಿಚಿತವಾಗಿವೆ. ಬಾಯಲ್ಲಿ ಬೆಣಚುಕಲ್ಲುಗಳನ್ನಿಟ್ಟುಕೊಂಡು ಮಾತನಾಡಿದುದು, ಏರುನೆಲದಲ್ಲಿ ಓಡುತ್ತ ಒಂದೇ ಉಸಿರಿಗೆ ವಾಕ್ಯಗಳನ್ನು ಹೇಳಿದುದು, ನೆಲಮಾಳಿಗೆಯನ್ನು ಕಟ್ಟಿಸಿಕೊಂಡು, ನಾಚಿಕೆಯಿಂದ ಹೊರಗೆ ಬಾರದಂತೆ ತಲೆಯ ಒಂದು ಪಾರ್ಶ್ವವನ್ನು ಬೋಳಿಸಿಕೊಂಡು ಎರಡು ಮೂರು ತಿಂಗಳು ಅಭ್ಯಾಸ ಮಾಡಿದುದು. ಈ ಕಥೆಗಳಲ್ಲಿ ಐತಿಹ್ಯವೆಷ್ಟು, ಇತಿಹಾಸವೆಷ್ಟು ಎಂಬ ವಿಚಾರವು ಹಾಗಿರಲಿ. ಮಕ್ಕಳಿಗೆ ಇವನ್ನು ಹೇಳುವ ರೀತಿಯಲ್ಲಿ ಒಂದು ಲೋಪವಿದೆ. ಕಲ್ಲು ಕನ್ನಡಿಗಳನ್ನು ಹೇಳಿ, ಅವುಗಳಿಗಿಂತ ಮುಖ್ಯವಾದ ಮತ್ತೊಂದು ಕಥೆಯನ್ನು ಬಿಡುವುದು ಆ ಲೋಪ. ಸಭೆಯಲ್ಲಿ ಹಾಸ್ಯಕ್ಕೊಳಗಾಗಿ ಮುಸುಕೆಳೆದುಕೊಂಡು ಮನೆಗೆ ಹೋಗುತ್ತಿದ್ದ ಡೆಮಾಸ್ತನೀಸನನ್ನು ಸಾಟಿರಸ್ ಎಂಬ ನಟನು ಹಿಂಬಾಲಿಸಿ ಹೋಗಿ, ಯಾವುದಾದರೊಂದು ನಾಟಕದ ಭಾಗವನ್ನು ಹೇಳೆಂದು ಕೇಳಿದನಂತೆ. ಡೆಮಾಸ್ತನೀಸನು ಹೇಳಿದ ಬಳಿಕ ನಟನು ಅದೇ ಭಾಗವನ್ನು ಪಾತ್ರದ ಸ್ವಭಾವಕ್ಕೆ ತಕ್ಕಂತೆ ಹೇಳಿದಾಗ ಅದು ಬೇರೊಂದು ಪದ್ಯವೇ ಆದಂತೆ ತೋರಿತಂತೆ. ಕಲ್ಲುಗಳು ನಾಲಗೆಯನ್ನು ತಿದ್ದಿರಬಹುದು. ಯಾರು, ಯಾವ ಸ್ಥಿತಿಯಲ್ಲಿ, ಯಾರೊಡನೆ ಮಾತನಾಡುತ್ತಿರುವರೆಂಬ ಅರಿವು ಸಾಟಿರಸನಿಂದ ಬಂದಿತು.

ಈ ಅರಿವು ಭಾರತೀಯರಿಗೆ ಹೊಸದಲ್ಲ. ಪಾಣಿನೀಯ ಶಿಕ್ಷೆಯು ಅಧಮರಾದ ಆರು ಬಗೆಯ ಪಾಠಕರನ್ನು ಎಣಿಸುತ್ತದೆ: ರಾಗವೆಳೆಯುವವನು, ಆತುರಪಡುವವನು, ತಲೆಯಾಡಿಸುವವನು, ಬರೆದುದನ್ನು ನೋಡಿ ಓದುವವನು, ಅರ್ಥವನ್ನರಿಯದವನು, ಕ್ಷೀಣವಾದ ಕಂಠದವನು. ಇಂದಿನ ಯಾವ ಸ್ಪರ್ಧೆಯ ವೇದಿಕೆಯ ಮೇಲಾದರೂ ಈ ಆರು ಮಂದಿಯೂ ಒಬ್ಬರ ಹಿಂದೆ ಒಬ್ಬರು ಬಂದುಹೋಗುವುದನ್ನು ಕಾಣಬಹುದು. ಐವರ ದೋಷಗಳು ಅಭ್ಯಾಸದಿಂದ ನೀಗತಕ್ಕವು. ಅರ್ಥವನ್ನರಿಯದವನ ದೋಷವನ್ನು ಎಷ್ಟು ಬೆಣಚುಕಲ್ಲುಗಳೂ ನೀಗಲಾರವು. ಬೇರೊಬ್ಬರು ಬರೆದುಕೊಟ್ಟ ಭಾಷಣವನ್ನು ಗಟ್ಟಿಮಾಡಿದವನು ಆ ಗುಂಪಿಗೆ ಸೇರುವುದು ಸುಲಭ.

ಇನ್ನು ಸೋತವನ ಭಾಷಣ. ಈಸ್ಕಿನೀಸನನ್ನು ಕೀಳ್ಮಾಡಿ ಡೆಮಾಸ್ತನೀಸನನ್ನು ಹೊಗಳುವುದು ಸುಲಭವಾದರೂ ನ್ಯಾಯವಲ್ಲ. ಆತನ ಆಕ್ಷೇಪಣೆಗಳು ಮೂರು. ಅಧಿಕಾರಿಯಾದವನು ತನ್ನ ಲೆಕ್ಕಪತ್ರಗಳ ಪರಿಶೋಧನೆ ಮುಗಿಯುವುದಕ್ಕೆ ಮುಂಚೆ ಕಿರೀಟಕ್ಕೆ ಅರ್ಹನಲ್ಲ. ಕಿರೀಟವನ್ನು ನಾಟಕೋತ್ಸವದ ರಂಗದಲ್ಲಿ ಘೋಷಿಸುವುದು ಶಾಸನಕ್ಕೆ ವಿರುದ್ಧ. ಡೆಮಾಸ್ತನೀಸನು ಸದಾ ಜನರ ಹಿತವನ್ನೇ ಆಡಿ ಮಾಡಿದನೆಂಬ ಸೂಚನೆಯ ಮಾತು ಸುಳ್ಳು. ಮೊದಲನೆಯ ಆಕ್ಷೇಪಣೆಯು ಶಾಸನದ ದೃಷ್ಟಿಯಿಂದ ಬಲವಾದುದೆಂದು ಅನೇಕ ವಿಮರ್ಶಕರ ಮತ. ರಸದಲ್ಲಿಯೂ ಆ ಭಾಷಣವು ಬಡವಲ್ಲ. ಹಿಂದಿನ ಕಾಲದಲ್ಲಿ ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು ನಗರದ ಪೋಷಣೆಯಲ್ಲಿ ಬೆಳೆದ ಮಕ್ಕಳನ್ನು ಅದೇ ನಾಟಕರಂಗದಲ್ಲಿ, ಕವಚ ತೊಡಿಸಿ, ಜನರ ಮುಂದೆ ನಿಲ್ಲಿಸುತ್ತಿದ್ದರು. ಅಂತಹ ಸ್ಥಳದಲ್ಲಿ, ಮಕ್ಕಳನ್ನು ತಬ್ಬಲಿಗಳನ್ನಾಗಿ ಮಾಡಿದವನನ್ನೇ ನಿಲ್ಲಿಸಿ ಕಿರೀಟವನ್ನು ಸಾರುವಾಗ ಸಾರುವವನ ಬಾಯಿಂದ ಯಾವ ಮಾತು ಬಂದೀತೆಂದು ಈಸ್ಕಿನೀಸನು ಕೇಳುವನು. ಕೇಳುತ್ತಿದ್ದವರಲ್ಲಿ ಕೈರೋನಿಯದಲ್ಲಿ ಬಂಧುಗಳನ್ನು ಕಳೆದುಕೊಂಡವರು ಹಲವರಿದ್ದಿರಬೇಕು. ಕರುಣರಸವನ್ನು ಇಷ್ಟು ತೀಕ್ಷ್ಣವಾದ ಆಯುಧವನ್ನಾಗಿ ಮಾಡಿರುವ ಸ್ಥಳಗಳು ವಿರಳ.

ಹಾಗಿದ್ದೂ ಆತನು ಸೋತುದೇಕೆ? ಉಪಸಂಹಾರದಲ್ಲಿಯೇ ಒಂದು ಸುಳಿವು ದೊರೆಯುತ್ತದೆ. ಭಾಷಣದ ಕೊನೆಗೆ ಆತನು ಭೂಮಿಯನ್ನೂ ಸೂರ್ಯನನ್ನೂ ಸದ್ಗುಣವನ್ನೂ ವಿವೇಕವನ್ನೂ ವಿದ್ಯೆಯನ್ನೂ ಹೆಸರಿಸಿ ಕರೆಯುವನು. ಈ ಸಂಬೋಧನೆಯು ಮೇಲಿನ ತಬ್ಬಲಿ ಮಕ್ಕಳ ಚಿತ್ರದಂತೆ ವಿಷಯದೊಳಗಿಂದ ಹುಟ್ಟಿದುದಲ್ಲ. ಮುಗಿಸುವಾಗ ಏನಾದರೊಂದು ಘನವಾಗಿರಬೇಕೆಂದು ಹೊರಗಿನಿಂದ ತಂದು ಕಟ್ಟಿದ ತೋರಣ. ಡೆಮಾಸ್ತನೀಸನು ಅದನ್ನೇ ಹಿಡಿದು, ಇದು ದುರಂತನಾಟಕದ ಕೂಗೆಂದು ಹಾಸ್ಯಮಾಡಿದನು. ಈಸ್ಕಿನೀಸನು ಒಂದು ಕಾಲದಲ್ಲಿ ನಟನಾಗಿದ್ದವನಾದುದರಿಂದ ಏಟು ತಪ್ಪಲಿಲ್ಲ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು. ಭಾಷಣದಲ್ಲಿ ಅನೌಚಿತ್ಯವು ಸೌಂದರ್ಯದ ಕುಂದು ಮಾತ್ರವಲ್ಲ, ಎದುರಾಳಿಗೆ ತೆರೆದ ಬಾಗಿಲು. ಕೊನೆಯಲ್ಲಿ ಸುಭಾಷಿತವನ್ನು ತುರುಕುವ ಇಂದಿನ ಸ್ಪರ್ಧಾಳುಗಳು ಇದನ್ನು ನೆನೆಯುವುದು ಒಳ್ಳೆಯದು.

ಡೆಮಾಸ್ತನೀಸನ ಗೆಲುವಿನ ಮೊದಲ ಕಾರಣವು ಮಾತಿನ ಚೆಲುವಲ್ಲ, ಅಡಕ. ತಾನು ಆರೋಪಿಸಿದ ಕ್ರಮದಲ್ಲಿಯೇ, ಶಾಸನದ ಪ್ರಶ್ನೆಯಿಂದಲೇ, ಆತನು ಉತ್ತರವನ್ನು ಆರಂಭಿಸುವಂತೆ ಸಭಾಸದರು ಬಲಾತ್ಕರಿಸಬೇಕೆಂದು ಈಸ್ಕಿನೀಸನು ಮುಂಚೆಯೇ ಕೇಳಿಕೊಂಡಿದ್ದನು. ತನ್ನ ಬಲವಾದ ನೆಲೆಯಲ್ಲಿಯೇ ಯುದ್ಧವಾಗಬೇಕೆಂಬುದು ಆತನ ಯೋಚನೆ. ಡೆಮಾಸ್ತನೀಸನು ದೇವತಾಪ್ರಾರ್ಥನೆಯಿಂದ ಆರಂಭಿಸಿ, ಎರಡು ಪಕ್ಷಗಳನ್ನೂ ಸಮನಾಗಿ ಕೇಳುವೆವೆಂದು ಸಭಾಸದರು ಮಾಡಿದ್ದ ಪ್ರಮಾಣವನ್ನು ನೆನಪಿಗೆ ತಂದು, ತನಗೆ ಬೇಕಾದ ಕ್ರಮದಲ್ಲಿ ಉತ್ತರವನ್ನು ಜೋಡಿಸಿಕೊಳ್ಳುವ ಸ್ವಾತಂತ್ರ್ಯವೂ ಆ ಸಮತ್ವದಲ್ಲಿ ಸೇರಿದೆಯೆಂದು ತಿಳಿಸಿದನು. ಅನಂತರ ರಾಜ್ಯಕಾರ್ಯದ ಚರಿತ್ರೆಯನ್ನು ಮೊದಲಿಟ್ಟು, ಶಾಸನದ ಪ್ರಶ್ನೆಯನ್ನು ನಡುವೆ ಸಂಕ್ಷೇಪವಾಗಿ ಮುಗಿಸಿ, ಮತ್ತೆ ಚರಿತ್ರೆಗೆ ತಿರುಗಿದನು. ತನ್ನ ಕಿರೀಟವು ಅಧಿಕಾರಕ್ಕಲ್ಲ, ಕೈಯಿಂದ ಕೊಟ್ಟ ಹಣಕ್ಕೆ. ಕೊಟ್ಟ ದಾನಕ್ಕೆ ಲೆಕ್ಕಪರಿಶೋಧನೆ ಯಾವುದು? ಅಲ್ಲಿಯ ವಾದದ ಸಾರವಿಷ್ಟು. ಇದು ಚತುರವಾದ ಉತ್ತರವೇ ಹೊರತು ಪೂರ್ಣವಾದ ಉತ್ತರವಲ್ಲ. ದುರ್ಬಲವಾದುದನ್ನು ನಡುವೆ ಅಡಗಿಸುವುದು ಜಲ್ಪದ ಕೌಶಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಕೌಶಲವಿಷ್ಟೇ ಇದ್ದಿದ್ದರೆ ಗೆಲುವು ಇಷ್ಟು ದೊಡ್ಡದಾಗುತ್ತಿರಲಿಲ್ಲ, ಭಾಷಣವು ಈವರೆಗೆ ಉಳಿಯುತ್ತಲೂ ಇರಲಿಲ್ಲ.

ಎರಡನೆಯ ಕಾರಣವು ಎಲಟೀಯದ ವರ್ಣನೆ. ಕ್ರಿ. ಪೂ. 339ರಲ್ಲಿ ಫಿಲಿಪನು ಆ ಊರನ್ನು ಹಿಡಿದನೆಂಬ ಸುದ್ದಿಯು ಸಂಜೆಯ ವೇಳೆ ಆಥೆನ್ಸಿಗೆ ಬಂದಿತು. ಅಧ್ಯಕ್ಷರು ಊಟದ ನಡುವೆಯೇ ಎದ್ದರು, ಸಂತೆಯ ಅಂಗಡಿಗಳನ್ನು ತೆರವುಮಾಡಿಸಿದರು, ಕಹಳೆಯವನಿಗೆ ಕರೆಹೋಯಿತು. ಮರುದಿನ ಬೆಳಗಾಗುತ್ತಲೇ ಜನರೆಲ್ಲರೂ ಸಭೆ ಸೇರಿದರು. ಮಾತನಾಡುವವರು ಯಾರೆಂದು ಸಾರುವವನು ಮತ್ತೆ ಮತ್ತೆ ಕೇಳಿದರೂ, ಸೇನಾಪತಿಗಳೂ ವಾಗ್ಮಿಗಳೂ ಎಲ್ಲರೂ ಅಲ್ಲಿಯೇ ಇದ್ದರೂ, ಒಬ್ಬನೂ ಏಳಲಿಲ್ಲ. ಆಗ ಡೆಮಾಸ್ತನೀಸನು ಎದ್ದನು. ಇದರಲ್ಲಿ ಉಪಮೆಯಿಲ್ಲ, ಉತ್ಪ್ರೇಕ್ಷೆಯಿಲ್ಲ, ವಿಶೇಷಣಗಳೇ ಕಡಮೆ. ಆಲಂಕಾರಿಕರು ಸ್ವಭಾವೋಕ್ತಿಯೆನ್ನುವುದಕ್ಕೆ ಇದಕ್ಕಿಂತ ಶುದ್ಧವಾದ ಲಕ್ಷ್ಯವು ದೊರೆಯುವುದು ಕಷ್ಟ. ಇದರ ಬೆನ್ನಲ್ಲಿಯೇ, ಆಡಿ ಸೂಚಿಸದೆ ಬಿಡಲಿಲ್ಲ, ಸೂಚಿಸಿ ದೌತ್ಯಕ್ಕೆ ಹೋಗದೆ ಬಿಡಲಿಲ್ಲ, ಹೋಗಿ ಥೀಬ್ಸಿನವರನ್ನು ಒಡಂಬಡಿಸದೆ ಬಿಡಲಿಲ್ಲವೆಂಬ ಅರ್ಥದ ಸರಪಣಿಯೊಂದು ಬರುತ್ತದೆ. ಅದು ಏಕಾವಳಿಗೆ ಸಮೀಪವಾದ ರಚನೆ. ಅಲಂಕಾರವು ಇಲ್ಲಿ ಆಭರಣವಾಗಿ ಬಾರದೆ ಕಾರ್ಯಪರಂಪರೆಯ ಆಕಾರವಾಗಿಯೇ ಬಂದಿದೆ.

ಈ ಚಿತ್ರದ ಬಲವು ಬೇರೊಂದು ಕಡೆಯೂ ಇದೆ. ಆ ಮುಂಜಾನೆಯ ಸಭೆಯಲ್ಲಿ ಸುಮ್ಮನೆ ಕುಳಿತಿದ್ದವರಲ್ಲಿ ಕೆಲವರಾದರೂ ಒಂಬತ್ತು ವರ್ಷಗಳ ಬಳಿಕ ತೀರ್ಪು ಕೊಡಲು ಕುಳಿತಿದ್ದಿರಬೇಕು. ಡೆಮಾಸ್ತನೀಸನು ಅವರನ್ನು ದೂರಲಿಲ್ಲ. ಆ ಮೌನದ ನೆನಪನ್ನು ಮಾತ್ರ ಎಬ್ಬಿಸಿದನು. ಎದುರಾಳಿಗೆ ಆತನು ಕೊಟ್ಟ ಉತ್ತರವೂ ಇಲ್ಲಿಂದಲೇ ಹುಟ್ಟುತ್ತದೆ: ರೋಗಿಯು ಬದುಕಿದ್ದಾಗ ಬಾಯಿಬಿಡದೆ, ಉತ್ತರಕ್ರಿಯೆಯ ದಿನ ಬಂದು ಔಷಧವನ್ನು ಹೇಳುವ ವೈದ್ಯನಂತೆ ಈಸ್ಕಿನೀಸನು ನಡೆದುಕೊಳ್ಳುತ್ತಿರುವನೆಂದು. ಈ ವೈದ್ಯನ ಹೋಲಿಕೆಯನ್ನು ಈಸ್ಕಿನೀಸನ ಭಾಷಣದ ಉಳಿದಿರುವ ಪಾಠವು ಮುಂದಾಗಿಯೇ ಎತ್ತಿ ಖಂಡಿಸುತ್ತದೆ. ಮೊದಲು ಮಾತನಾಡಿದವನ ಬಾಯಲ್ಲಿ ಆಮೇಲಿನವನ ಹೋಲಿಕೆಯು ಬಂದುದನ್ನು ನೋಡಿದರೆ, ಭಾಷಣಗಳು ಪ್ರಕಟವಾಗುವಾಗ ತಿದ್ದುಪಡಿಯಾಗಿರಬೇಕೆಂಬ ಊಹೆಗೆ ಆಧಾರ ದೊರೆಯುತ್ತದೆ. ಗಡಿಗೆಯ ನೀರು ಸೋರಿದ ಮೇಲೆಯೂ ಈ ಸ್ಪರ್ಧೆಯು ಮುಗಿಯಲಿಲ್ಲವೆಂದು ಹೇಳಬಹುದು.

ಮೂರನೆಯದೂ ಮುಖ್ಯವೂ ಆದ ಕಾರಣವು ಪ್ರಶ್ನೆಯನ್ನೇ ಬದಲಾಯಿಸಿದುದು. ಈಸ್ಕಿನೀಸನು ಸಭಾಸದರ ಮುಂದಿಟ್ಟಿದ್ದ ಪ್ರಶ್ನೆಯು, ಈತನ ಮಾತನ್ನು ಕೇಳಿ ನೀವು ಸೋತಿರಲ್ಲವೆ ಎಂಬುದು. ಸೋತುದು ಸುಳ್ಳಲ್ಲ. ಸೋಲನ್ನು ಬೇರೊಬ್ಬರ ಮೇಲೆ ಹೊರಿಸಿ ತಪ್ಪಿಸಿಕೊಳ್ಳುವುದು ಸಾಮಾನ್ಯ ವಾಗ್ಮಿಯ ಮಾರ್ಗ. ಡೆಮಾಸ್ತನೀಸನು ಸೋಲನ್ನು ಒಪ್ಪಿಕೊಂಡನು. ನೌಕೆಯನ್ನು ಸಕಲ ವಿಧದಲ್ಲಿಯೂ ಸಜ್ಜುಗೊಳಿಸಿದವನನ್ನು ಬಿರುಗಾಳಿಗಾಗಿ ದೂರುವುದುಂಟೆ ಎಂದು ಕೇಳಿ, ಅದಕ್ಕೂ ಮುಂದೆ ಹೋಗಿ, ಮುಂದಾಗುವುದೆಲ್ಲವೂ ಮುಂಚೆಯೇ ತಿಳಿದಿದ್ದರೂ ಈ ನಗರವು ಬೇರೆ ಮಾರ್ಗವನ್ನು ಹಿಡಿಯಕೂಡದಾಗಿತ್ತೆಂದು ಸಾಧಿಸಿದನು. ಕೊನೆಗೆ ಮ್ಯಾರಥಾನ್, ಪ್ಲಟೀಯ, ಸಾಲಮಿಸ್, ಆರ್ಟಿಮಿಸಿಯಂಗಳಲ್ಲಿ ಪಾರಸಿಕರನ್ನು ಎದುರಿಸಿದ ಪೂರ್ವಿಕರ ಮೇಲೆ ಆಣೆಯಿಟ್ಟು, ನೀವು ತಪ್ಪುಮಾಡಲಿಲ್ಲವೆಂದು ಪೌರರಿಗೆ ಹೇಳಿದನು. ‘ಶ್ರೀ’ಯವರ ‘ಪಾರಸಿಕರು’ ನಾಟಕವನ್ನು ಓದಿದವರಿಗೆ ಸಾಲಮಿಸ್ ಎಂಬ ಹೆಸರು ಗ್ರೀಕರ ಕಿವಿಯಲ್ಲಿ ಹೇಗೆ ಮೊಳಗುತ್ತಿತ್ತೆಂಬುದು ಸುಲಭವಾಗಿ ತಿಳಿಯುವುದು.

ಲಾಂಜೈನಸನ ಹೆಸರಿನಲ್ಲಿ ಪ್ರಸಿದ್ಧವಾದ ಭವ್ಯತೆಯ ಕುರಿತ ಗ್ರಂಥವು ಈ ಆಣೆಯನ್ನು ವಿಸ್ತಾರವಾಗಿ ವಿಮರ್ಶಿಸುತ್ತದೆ. ಹಿಂದಿನ ಆ ಯುದ್ಧಗಳು ಗೆಲುವುಗಳು, ಕೈರೋನಿಯವು ಸೋಲು. ಆದುದರಿಂದ ವಾಗ್ಮಿಯು ಗೆದ್ದವರೆಂಬ ಮಾತನ್ನೇ ಎತ್ತದೆ, ಹೋರಾಡಿದವರೆಂಬ ಭಾವದಲ್ಲಿಯೇ ನಿಂತನೆಂದು ಆ ಗ್ರಂಥಕಾರನು ತೋರಿಸಿರುವನು. ಆನಂದವರ್ಧನನ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ವಾಚ್ಯವಾದುದು ಆಣೆ. ಧ್ವನಿತವಾದುದು, ಕೈರೋನಿಯದಲ್ಲಿ ಬಿದ್ದವರೂ ಮ್ಯಾರಥಾನಿನವರೂ ಒಂದೇ ಪಂಕ್ತಿಯವರೆಂಬುದು. ಸತ್ತ ಮಕ್ಕಳ ತಂದೆಯೊಬ್ಬನು ಆ ಸಭೆಯಲ್ಲಿ ಕುಳಿತಿದ್ದರೆ, ಈಸ್ಕಿನೀಸನ ಮಾತಿನಿಂದ ಆತನಿಗೆ ದೊರೆತುದು ತನ್ನ ಮಗನು ವ್ಯರ್ಥವಾಗಿ ಸತ್ತನೆಂಬ ಸಂಕಟ. ಡೆಮಾಸ್ತನೀಸನ ಮಾತಿನಿಂದ ದೊರೆತುದು ಆ ಮರಣಕ್ಕೊಂದು ಅರ್ಥ. ಕರ್ಮದಲ್ಲಿ ಅಧಿಕಾರ, ಫಲದಲ್ಲಿ ಅಲ್ಲವೆಂಬ ಗೀತೆಯ ಉಪದೇಶವನ್ನು ಬಲ್ಲವರಿಗೆ ಈ ನಿಲವು ಅಪರಿಚಿತವಾಗಿ ತೋರದು. ಇಲ್ಲಿ ಜಲ್ಪವು ನಿಂತುಹೋಗಿ ವಾದವು ಆರಂಭವಾಗುತ್ತದೆ. ಇದೇ ಮೊಳಕೆ.

ಹೀಗೆಂದ ಮಾತ್ರಕ್ಕೆ ಭಾಷಣವು ನಿರ್ದುಷ್ಟವೆಂದು ಹೇಳಲಾಗದು. ಇದರಲ್ಲಿ ಎದುರಾಳಿಯ ಕುಲವನ್ನೂ ತಾಯಿಯನ್ನೂ ಹಳಿಯುವ ಭಾಗಗಳು ಓದುವವರಿಗೆ ನಾಚಿಕೆಯನ್ನುಂಟುಮಾಡುತ್ತವೆ. ಈಸ್ಕಿನೀಸನು ಬಾಲ್ಯದಲ್ಲಿ ತಂದೆಯೊಡನೆ ಶಾಲೆಯಲ್ಲಿ ಮಸಿಯನ್ನು ಅರೆದನೆಂದೂ, ಬೆಂಚುಗಳನ್ನು ಒರಸಿದನೆಂದೂ, ಕೋಣೆಯನ್ನು ಗುಡಿಸಿದನೆಂದೂ ಡೆಮಾಸ್ತನೀಸನು ಅಪಹಾಸ್ಯ ಮಾಡುವನು. ಶಾಲೆಯನ್ನು ಗುಡಿಸುವುದು ಅಪರಾಧವಾದರೆ ವಿದ್ಯೆಯು ಎಲ್ಲಿ ನಿಲ್ಲಬೇಕು? ಅದಕ್ಕಿಂತ ಗುರುತರವಾದುದು ಮತ್ತೊಂದು. ಕ್ರಿ. ಪೂ. 343ರಲ್ಲಿ ಇದೇ ಈಸ್ಕಿನೀಸನ ಮೇಲೆ ನಡೆಸಿದ ಬೇರೊಂದು ವ್ಯಾಜ್ಯದಲ್ಲಿ ಆತನ ತಂದೆಯನ್ನು ಅಕ್ಷರ ಕಲಿಸುವ ಉಪಾಧ್ಯಾಯನೆಂದು ಹೇಳಿದ್ದ ಡೆಮಾಸ್ತನೀಸನು, 330ರಲ್ಲಿ ಅದೇ ತಂದೆಯನ್ನು ಶಾಲೆಯವನೊಬ್ಬನ ಗುಲಾಮನೆಂದು ಹೇಳಿ, ಹೆಸರನ್ನೂ ಮಾರ್ಪಡಿಸಿದನು. ಹದಿಮೂರು ವರ್ಷಗಳಲ್ಲಿ ಉಪಾಧ್ಯಾಯನು ಗುಲಾಮನಾದುದು ವಾಗ್ಮಿಯ ನಾಲಗೆಯ ಮೇಲೆ ಮಾತ್ರ. ಅಂದಿನ ನ್ಯಾಯಸಭೆಗಳಲ್ಲಿ ಬೈಗುಳವು ರೂಢಿಯಾಗಿತ್ತು, ಈಸ್ಕಿನೀಸನೂ ಹಿಂದೆಗೆದವನಲ್ಲವೆಂದು ಸಮಾಧಾನ ಹೇಳುವುದುಂಟು. ರೂಢಿಯು ಕಾರಣವನ್ನು ತಿಳಿಸುವುದೇ ಹೊರತು ದೋಷವನ್ನು ಅಳಿಸದು. ಮೊಳಕೆಯನ್ನು ಕಾಯುವುದಕ್ಕೆ ಈ ಮುಳ್ಳು ಬೇಕಾಗಿರಲಿಲ್ಲ. ಪೂರ್ವಿಕರ ಮೇಲೆ ಆಣೆಯಿಡಬಲ್ಲವನಿಗೆ ಎದುರಾಳಿಯ ತಾಯಿಯನ್ನು ಹಳಿಯುವ ಅಗತ್ಯವೇನಿತ್ತು?

ತೀರ್ಪಿನಲ್ಲಿ ಈಸ್ಕಿನೀಸನಿಗೆ ಐದನೆಯ ಒಂದು ಪಾಲು ಮತಗಳೂ ದೊರೆಯಲಿಲ್ಲ. ಅಂತಹ ವಾದಿಗೆ 1000 ದ್ರಾಖ್ಮೆಗಳ ದಂಡವು ವಿಹಿತವಾಗಿದ್ದಿತು. ಆತನು ಆಥೆನ್ಸನ್ನು ಬಿಟ್ಟುಹೋದನು. ರೋಡ್ಸ್ ದ್ವೀಪದಲ್ಲಿ ಆತನು ಎರಡು ಭಾಷಣಗಳನ್ನೂ ಓದಿ ತೋರಿಸಿದನೆಂದೂ, ಡೆಮಾಸ್ತನೀಸನ ಭಾಷಣವನ್ನು ಕೇಳಿ ಜನರು ಬೆರಗಾದಾಗ, ಆತನ ಬಾಯಿಂದಲೇ ಕೇಳಿದ್ದರೆ ಮತ್ತೆಷ್ಟು ಬೆರಗಾಗುತ್ತಿದ್ದಿರೋ ಎಂಬ ಅರ್ಥದ ಮಾತನ್ನಾಡಿದನೆಂದೂ ಸಿಸೆರೊ ಹೇಳುವನು. ಈ ಐತಿಹ್ಯವನ್ನು ನಿರೂಪಣೆಯ ಅಂದರೆ ಧ್ವನಿ ಅಭಿನಯಗಳ ಮಹಿಮೆಗೆ ಸಾಕ್ಷಿಯಾಗಿ ಎತ್ತುವುದು ವಾಡಿಕೆ. ಅದು ಸರಿಯೆ. ಕಿಷ್ಕಿಂಧಾಕಾಂಡದಲ್ಲಿ ಹನುಮಂತನ ಮೊದಲ ಮಾತನ್ನು ಕೇಳಿದ ರಾಮನೂ ಮುಖದಲ್ಲಿ ವಿಕಾರವಿಲ್ಲದುದನ್ನು, ಮಾತು ಅತಿಯಾಗಿ ಬೆಳೆಯದುದನ್ನು, ಸ್ವರವು ಮಧ್ಯಮದಲ್ಲಿ ನಿಂತುದನ್ನು ಮೆಚ್ಚಿಕೊಳ್ಳುವನು. ಆದರೆ ರೋಡ್ಸಿನ ಜನರು ಬೆರಗಾದುದು ಡೆಮಾಸ್ತನೀಸನ ಧ್ವನಿಯನ್ನು ಕೇಳಿ ಅಲ್ಲ. ಸೋತ ಎದುರಾಳಿಯ ಬಾಯಿಂದ ಓದಿದಾಗಲೂ ಆ ಮಾತು ನಿಂತಿತು. ಧ್ವನಿಯು ಹೋದ ಮೇಲೂ ಉಳಿಯುವ ಭಾಗವೇ ಭಾಷಣದ ಸಾರ.

ಮಕ್ಕಳನ್ನು ವಾಕ್‌ಸ್ಪರ್ಧೆಗೆ ಸಿದ್ಧಗೊಳಿಸುವವರಿಗೆ ಈ ವ್ಯಾಜ್ಯವು ಹೇಳುವುದು ಸ್ಪಷ್ಟವಾಗಿದೆ. ಉಚ್ಚಾರಣೆಯನ್ನು ತಿದ್ದಬೇಕು, ಕಾಲಮಿತಿಯನ್ನು ಕಲಿಸಬೇಕು, ಎದುರುಪಕ್ಷದ ಬಲವನ್ನು ತನ್ನ ಪಕ್ಷದಷ್ಟೇ ಚೆನ್ನಾಗಿ ತಿಳಿಸಿಕೊಡಬೇಕು; ಚೀಟಿಯೆತ್ತಿ ಪಕ್ಷವನ್ನು ಗೊತ್ತುಮಾಡುವ ಪದ್ಧತಿಯಿಂದ ಈ ಕೊನೆಯ ಲಾಭವಾದರೂ ಆಗುವುದುಂಟು. ಆದರೆ ಭಾಷಣವನ್ನು ಬರೆದುಕೊಡಬಾರದು. ಬರೆದುಕೊಟ್ಟ ಭಾಷಣದಿಂದ ಬಹುಮಾನವು ಬಂದರೂ ಎಲಟೀಯದ ಮುಂಜಾನೆಯಲ್ಲಿ ಏಳುವ ಶಕ್ತಿಯು ಬಾರದು. ಒಂದು ದಿನ ಊರಿನ ಸಭೆಯಲ್ಲಿಯೋ, ಪಂಚಾಯತಿಯಲ್ಲಿಯೋ, ಮನೆಯ ಹಿರಿಯರ ಮುಂದೆಯೋ, ಮಾತನಾಡುವವರು ಯಾರೆಂಬ ಪ್ರಶ್ನೆಯು ಎದುರಾಗುತ್ತದೆ. ಉಳಿದವರು ತಲೆತಗ್ಗಿಸಿ ಕುಳಿತಿರುತ್ತಾರೆ. ಅಂದು ಎದ್ದು, ತನಗೆ ತಿಳಿದುದನ್ನು ಅರ್ಥವರಿತು, ಎದುರಾಳಿಯ ತಂದೆತಾಯಿಗಳನ್ನು ಎಳೆಯದೆ, ಮಧ್ಯಮ ಸ್ವರದಲ್ಲಿ ಹೇಳಬಲ್ಲವನಾದರೆ ಆ ಹುಡುಗನ ಅಭ್ಯಾಸವು ಸಾರ್ಥಕವಾಯಿತೆನ್ನಬಹುದು. ಶಾಲೆಯ ಸ್ಪರ್ಧೆಯಲ್ಲಿ ಆತನಿಗೆ ಬಂದುದು ಮೊದಲನೆಯ ಬಹುಮಾನವೋ ಕೊನೆಯ ಸ್ಥಾನವೋ ಎಂಬುದನ್ನು ಅಂದು ಯಾರೂ ಕೇಳುವುದಿಲ್ಲ.